ಪಬ್ಬಿನಲ್ಲಿ ಪೂರ್ತಿ ಅಳತೆ: ಬಿಯರಿನ ಗ್ಲಾಸನ್ನು ಪರೀಕ್ಷಿಸಿಕೊಳ್ಳುವ ಕ್ರಮ

ಊರಿನ ಸಂತೆಯಲ್ಲಿ ಅಕ್ಕಿಯನ್ನೋ ಬೇಳೆಯನ್ನೋ ಕೊಳ್ಳುವಾಗ ತಕ್ಕಡಿಯ ಮುಳ್ಳಿನ ಮೇಲಿಂದ ಕಣ್ಣು ತೆಗೆಯದ ನಮ್ಮ ಜನ, ವಿದ್ಯಾಭ್ಯಾಸಕ್ಕೆಂದೋ ಉದ್ಯೋಗಕ್ಕೆಂದೋ ಬ್ರಿಟನ್ನಿಗೆ ಹೋಗಿ, ಸಂಜೆಯ ಹೊತ್ತು ಸಹೋದ್ಯೋಗಿಗಳೊಡನೆ ಅಲ್ಲಿನ ಪಬ್ಬನ್ನು ಹೊಕ್ಕಾಗ ಮಾತ್ರ, ಕೌಂಟರಿನ ಆಚೆಯಿಂದ ಬಂದ ಗ್ಲಾಸಿನ ಮೇಲಿನ ಒಂದಂಗುಲವೆಲ್ಲ ಬರಿಯ ನೊರೆಯೇ ಆಗಿದ್ದರೂ ತುಟಿಪಿಟಕ್ಕೆನ್ನದೆ ಹಣ ತೆತ್ತು ತೆಗೆದುಕೊಂಡು ಬರುವುದುಂಟು. ಪರದೇಶ, ಪರಭಾಷೆ, ಹಿಂದೆ ಸರದಿಯಲ್ಲಿ ನಿಂತ ಜನ, ಇಷ್ಟು ಸಣ್ಣ ವಿಷಯಕ್ಕೆ ಮಾತೆತ್ತಿದರೆ ಜಿಪುಣನೆಂದು ತಿಳಿದಾರೆಂಬ ಅಳುಕು, ಇವೆಲ್ಲ ಸೇರಿ ಬಾಯಿ ಕಟ್ಟಿಬಿಡುತ್ತವೆ. ಆದರೆ ಅಳತೆಯೆಂಬುದು ಅಂಗಡಿಯವನು ತೋರುವ ಔದಾರ್ಯವಲ್ಲ. ಅದು ಬೆಲೆಯ ಇನ್ನೊಂದು ಮುಖ. ಬೆಲೆ ಹಲಗೆಯ ಮೇಲೆ ಒಂದು ಪೈಂಟಿಗೆ ಇಷ್ಟೆಂದು ಬರೆದ ಮೇಲೆ ಒಂದು ಪೈಂಟು ಕೊಡತಕ್ಕದ್ದು ನ್ಯಾಯ, ಕೇಳಿ ಪಡೆಯತಕ್ಕದ್ದೂ ನ್ಯಾಯವೇ. ಆ ಕೇಳುವಿಕೆಯನ್ನು ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ, ಯಾವ ಆಧಾರದ ಮೇಲೆ ಮಾಡಬೇಕೆಂಬುದನ್ನು ಕ್ರಮವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ. ಕುಡಿಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಆದರೂ ಮಿತವಾಗಿ ಕುಡಿಯಬೇಕೆನ್ನುವವನಿಗೆ ಅಳತೆ ಇನ್ನಷ್ಟು ಮುಖ್ಯವೆಂಬುದನ್ನು ಮರೆಯಬಾರದು. ಬ್ರಿಟನ್ನಿನ ವೈದ್ಯಾಧಿಕಾರಿಗಳು ವಾರಕ್ಕೆ 14 ಯೂನಿಟ್ಟುಗಳನ್ನು ಮೀರಬೇಡಿರೆಂದು ಹೇಳಿದ್ದಾರೆ, ಒಂದು ಯೂನಿಟ್ಟೆಂದರೆ 10 ಮಿಲಿಲೀಟರ್ ಶುದ್ಧ ಮದ್ಯಸಾರ, ಶೇ. 4ರ ಬಲದ ಒಂದು ಪೈಂಟು ಬಿಯರಿನಲ್ಲಿ ಅಂಥವು ಸುಮಾರು 2.3. ಗ್ಲಾಸಿನಲ್ಲಿ ಎಷ್ಟಿದೆಯೆಂಬುದೇ ತಿಳಿಯದಿದ್ದರೆ ಈ ಲೆಕ್ಕವೆಲ್ಲ ನೀರಿನಲ್ಲಿ ಹೋಮ.

ಮೊದಲು ಪೈಂಟೆಂದರೆ ಎಷ್ಟೆಂಬುದನ್ನು ಮನದಟ್ಟು ಮಾಡಿಕೊಳ್ಳತಕ್ಕದ್ದು. 1824ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅದುವರೆಗೆ ಪ್ರಚಾರದಲ್ಲಿದ್ದ ನಾನಾ ಬಗೆಯ ಗ್ಯಾಲನ್ನುಗಳನ್ನು ತೊಡೆದುಹಾಕಿ, 10 ಪೌಂಡು ತೂಕದ ನೀರು ಹಿಡಿಸುವಷ್ಟನ್ನು ಒಂದು ಗ್ಯಾಲನ್ನೆಂದು ಗೊತ್ತುಮಾಡಿತು; ಅದರ ಎಂಟನೆಯ ಒಂದು ಭಾಗವೇ ಪೈಂಟು. ನಮ್ಮ ಲೆಕ್ಕದಲ್ಲಿ ಅದು 568 ಮಿಲಿಲೀಟರು, ಅಂದರೆ ಅರ್ಧ ಲೀಟರಿಗಿಂತ 68 ಮಿಲಿಲೀಟರು ಹೆಚ್ಚು. ಬೇರೆ ಸರಕುಗಳು ಬಹುಮಟ್ಟಿಗೆ ಮೆಟ್ರಿಕ್ ಪದ್ಧತಿಗೆ ಸಾಗಿದ ಮೇಲೂ, ನಲ್ಲಿಯಿಂದ ಸುರಿಯುವ ಬಿಯರು ಮತ್ತು ಸೈಡರು ಈ ಪ್ರಾಚೀನ ಮಾನವನ್ನು ಬಿಟ್ಟುಕೊಡಲಿಲ್ಲ. ಪಾನೀಯದ ಅಳತೆಯನ್ನು ರಾಜ್ಯವೇ ಕಾಯಬೇಕೆಂಬ ಭಾವನೆ ಅಲ್ಲಿ ಅದಕ್ಕಿಂತಲೂ ಬಹಳ ಹಿಂದಿನದು. 1215ರ ಮ್ಯಾಗ್ನಾ ಕಾರ್ಟಾದಲ್ಲಿಯೇ ದ್ರಾಕ್ಷಾಮದ್ಯಕ್ಕೂ ಏಲ್ ಎಂಬ ಬಿಯರಿಗೂ ದೇಶದಾದ್ಯಂತ ಒಂದೇ ಅಳತೆಯಿರತಕ್ಕದ್ದೆಂಬ ವಿಧಿಯಿದೆ. ನಮ್ಮ ದೇಶಕ್ಕೂ ಈ ವಿಚಾರ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಯೂ ಉಂಟು, ತೂಕ ಅಳತೆಗಳನ್ನು ನೋಡಿಕೊಳ್ಳುವ ಪೌತವಾಧ್ಯಕ್ಷನೆಂಬ ಅಧಿಕಾರಿಯೂ ಉಂಟು. ಸುರೆಯನ್ನು ಮಾರುವ ಕಡೆಯಲ್ಲಿ ಕಾವಲು ಬೇಕೆಂಬುದನ್ನು ಪ್ರಾಚೀನರು ಎರಡು ದೇಶಗಳಲ್ಲಿಯೂ ಬಲ್ಲವರಾಗಿದ್ದರು.

ಕೇಳುವ ಮೊದಲು

ಕೌಂಟರಿನ ಬಳಿ ಹೋದಾಗ ಮಾಡಬೇಕಾದ ಮೊದಲನೆಯ ಕೆಲಸವೆಂದರೆ ನಿಮಗೆ ಬೇಕಾದ ಪ್ರಮಾಣವನ್ನು ಬಾಯಿಬಿಟ್ಟು ಹೇಳುವುದು. ಬರಿದೆ ‘ಒಂದು ಬಿಯರ್’ ಎಂದರೆ ಎಷ್ಟು ಕೊಡಬೇಕೆಂಬುದನ್ನು ಕೊಡುವವನ ಇಚ್ಛೆಗೆ ಬಿಟ್ಟಂತಾಗುತ್ತದೆ. ನಲ್ಲಿಯ ಬಿಯರನ್ನು ಅಲ್ಲಿ ಕಾನೂನಿನ ಮೇರೆಗೆ ಮಾರಬಹುದಾದ ಪ್ರಮಾಣಗಳು ಗೊತ್ತಾಗಿವೆ: ಪೈಂಟಿನ ಮೂರನೆಯ ಒಂದು ಭಾಗ, ಅರ್ಧ ಪೈಂಟು, ಮೂರನೆಯ ಎರಡು ಭಾಗ, ಮತ್ತು ಅರ್ಧ ಪೈಂಟಿನ ಗುಣಕಗಳು. ಇವುಗಳಲ್ಲಿ ಮೂರನೆಯ ಎರಡು ಭಾಗವೆಂಬುದು 2011ರಲ್ಲಿ ಸೇರಿದ್ದು. ಬೆಲೆ ಏರಿದ ಈ ದಿನಗಳಲ್ಲಿ, ಅದರಲ್ಲಿಯೂ ಸಣ್ಣ ಭಟ್ಟಿಗಳ ಬಿಯರನ್ನು ಮಾರುವ ಕಡೆ, ಹಲಗೆಯ ಮೇಲೆ ಕಾಣುವ ದರ ಪೂರ್ತಿ ಪೈಂಟಿನದೆಂದು ಹೊಸಬರು ಭಾವಿಸಿರುವಾಗ ಅದು ಮೂರನೆಯ ಎರಡು ಭಾಗದ್ದಾಗಿರುವುದು ಅಸಂಭವವೇನೂ ಅಲ್ಲ. ಆದಕಾರಣ ದರದ ಪಕ್ಕದಲ್ಲಿ ಪ್ರಮಾಣವನ್ನು ಓದಿಕೊಂಡು, ‘ಒಂದು ಪೈಂಟು’ ಅಥವಾ ‘ಅರ್ಧ ಪೈಂಟು’ ಎಂದು ಸ್ಪಷ್ಟವಾಗಿ ಕೇಳಬೇಕು. ಹಾಗೆ ಕೇಳಿದ ಕ್ಷಣದಲ್ಲಿಯೇ ಒಪ್ಪಂದದ ಪ್ರಮಾಣ ಸ್ಥಿರವಾಗುತ್ತದೆ. ಮುಂದಿನ ಮಾತುಕತೆಗೆಲ್ಲ ಅದೇ ತಳಹದಿ.

ಬಾಟಲಿಯ ಅಥವಾ ಡಬ್ಬಿಯ ಬಿಯರನ್ನು ಕೊಂಡರೆ ಈ ತೊಡಕೇ ಇಲ್ಲ. ಪ್ರಮಾಣ ಅದರ ಮೇಲೆಯೇ ಅಚ್ಚಾಗಿರುತ್ತದೆ. ಜಿನ್, ರಮ್, ವೋಡ್ಕಾ, ವಿಸ್ಕಿ ಈ ನಾಲ್ಕನ್ನು 25 ಅಥವಾ 35 ಮಿಲಿಲೀಟರಿನ ಅಳತೆಯಲ್ಲಿ ಮಾರಬೇಕು, ಯಾವ ಅಳತೆಯೆಂಬುದನ್ನು ಪ್ರಕಟಿಸಿರಬೇಕು. ಗ್ಲಾಸಿನಲ್ಲಿ ಕೊಡುವ ವೈನಿಗೆ 125, 175, 250 ಮಿಲಿಲೀಟರುಗಳು ವಾಡಿಕೆಯ ಅಳತೆಗಳು. ಇವುಗಳನ್ನು ಮುದ್ರೆಯೊತ್ತಿದ ಅಳತೆಪಾತ್ರೆಯಿಂದ ಸುರಿಯುವುದರಿಂದ ಸಂದೇಹಕ್ಕೆ ಬಿಯರಿನಲ್ಲಿರುವಷ್ಟು ಅವಕಾಶವಿರುವುದಿಲ್ಲ.

ಗ್ಲಾಸಿನ ಗುರುತು

ಎರಡನೆಯದಾಗಿ, ಕೈಗೆ ಬಂದ ಗ್ಲಾಸನ್ನು ನೋಡುವುದನ್ನು ಕಲಿಯಬೇಕು. ಬ್ರಿಟನ್ನಿನ ಪಬ್ಬುಗಳಲ್ಲಿ ಬಿಯರಿನ ಗ್ಲಾಸು ಬರಿಯ ಪಾತ್ರೆಯಲ್ಲ, ಅದೇ ಅಳತೆಗೋಲು. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಮೂರನೆಯ ವಿಲಿಯಂ ದೊರೆಯ ಕಾಲದಿಂದ, ಸರಿಯಾದ ಅಳತೆಯ ಪಾತ್ರೆಗೆ ಕಿರೀಟದ ಮುದ್ರೆಯೊತ್ತುವ ಪದ್ಧತಿ ಅಲ್ಲಿ ನಡೆದುಬಂದಿತು. ಯೂರೋಪಿನ ಒಕ್ಕೂಟದ ನಿಯಮದಂತೆ 2006ರ ಸುಮಾರಿಗೆ ಕಿರೀಟದ ಸ್ಥಾನಕ್ಕೆ ‘ಸಿಇ’ ಎಂಬ ಗುರುತೂ, ಅದರ ಪಕ್ಕದಲ್ಲಿ ‘ಎಂ’ ಎಂಬ ಅಕ್ಷರವೂ, ತಯಾರಾದ ವರ್ಷದ ಕೊನೆಯ ಎರಡು ಅಂಕಿಗಳೂ ಬಂದುವು. ಒಕ್ಕೂಟವನ್ನು ಬಿಟ್ಟ ಮೇಲೆ ತಯಾರಕರು ಬೇಕಾದರೆ ಕಿರೀಟವನ್ನು ಮತ್ತೆ ಚಿತ್ರಿಸಬಹುದೆಂದು ಸರಕಾರ ಹೇಳಿದೆ. ಹಳೆಯದಾಗಲಿ ಹೊಸದಾಗಲಿ, ‘ಪೈಂಟ್’ ಎಂಬ ಬರಹದೊಡನೆ ಇಂಥದೊಂದು ಮುದ್ರೆ ಗಾಜಿನ ಮೇಲೆ ಇರಲೇಬೇಕು. ಆಟದ ಮೈದಾನಗಳಲ್ಲಿಯೂ ಬಯಲು ಸಂಗೀತ ಸಭೆಗಳಲ್ಲಿಯೂ ಕೊಡುವ ಪ್ಲಾಸ್ಟಿಕ್ ಲೋಟವನ್ನೇ ಅಳತೆಯಾಗಿ ಬಳಸುವುದಾದರೆ ಅದಕ್ಕೂ ಈ ನಿಯಮ ಅನ್ವಯಿಸುತ್ತದೆ. ಮುದ್ರೆಯಿಲ್ಲದ ಗ್ಲಾಸಿನಲ್ಲಿ ಬಿಯರು ಬಂದರೆ, ಸುರಿಯುವ ಯಂತ್ರವೇ ಅಳೆದು ಕೊಡುವಂಥದಲ್ಲವಾದರೆ, ಸಂದೇಹಪಡಲು ಅದೊಂದೇ ಸಾಕು.

ಮುದ್ರೆಯನ್ನು ಕಂಡ ಮೇಲೆ ಗ್ಲಾಸಿನ ಜಾತಿಯನ್ನು ಗುರುತಿಸಬೇಕು. ಗ್ಲಾಸುಗಳು ಎರಡು ಬಗೆ. ಒಂದನೆಯದು ಅಂಚಿನವರೆಗೆ ತುಂಬಿದರೆ ಮಾತ್ರ ಸರಿಯಾಗಿ ಒಂದು ಪೈಂಟು ಹಿಡಿಸುವಂಥದು. ಎರಡನೆಯದು ಸ್ವಲ್ಪ ದೊಡ್ಡದಾಗಿದ್ದು, ಅಂಚಿನಿಂದ ಕೆಳಗೆ ಒಂದು ಗೆರೆಯನ್ನು ಹೊಂದಿ, ದ್ರವ ಆ ಗೆರೆಯನ್ನು ಮುಟ್ಟಿದಾಗ ಒಂದು ಪೈಂಟಾಗಿ, ನೊರೆಗೆ ಗೆರೆಯ ಮೇಲೆ ಜಾಗ ಉಳಿಯುವಂಥದು. ಎರಡನೆಯ ಬಗೆಯ ಗ್ಲಾಸು ಕೈಗೆ ಬಂದರೆ ನಿಮ್ಮ ಪರೀಕ್ಷೆ ಅಲ್ಲಿಗೇ ಮುಗಿಯಿತು: ಬಿಯರು ಗೆರೆಯಲ್ಲಿದ್ದರೆ ಸರಿ, ಕೆಳಗಿದ್ದರೆ ಕಡಿಮೆ, ವಾದಕ್ಕೆ ಆಸ್ಪದವಿಲ್ಲ. ದುರದೃಷ್ಟವಶಾತ್ ಬ್ರಿಟನ್ನಿನ ಪಬ್ಬುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೊದಲನೆಯ ಬಗೆ. ಅಂಚಿನವರೆಗೆ ದ್ರವವನ್ನೇ ತುಂಬಿದ ಗ್ಲಾಸನ್ನು ಜನಸಂದಣಿಯ ನಡುವೆ ಚೆಲ್ಲದೆ ಮೇಜಿಗೆ ಒಯ್ಯುವುದು ದುಸ್ಸಾಧ್ಯವಾದ್ದರಿಂದ, ಇಂಥ ಗ್ಲಾಸನ್ನು ಆರಿಸಿಕೊಂಡ ಕ್ಷಣದಲ್ಲಿಯೇ ಮಾಲಿಕನು ಪೂರ್ತಿ ಅಳತೆಗೆ ತಾನಾಗಿ ಒಂದು ಅಡ್ಡಿಯನ್ನು ನಿರ್ಮಿಸಿಕೊಂಡಂತಾಗುತ್ತದೆಂದು ನನ್ನ ಅಭಿಪ್ರಾಯ. ಜರ್ಮನಿಯಲ್ಲಿ ಹಾಗಲ್ಲ, ಅಲ್ಲಿ ಗ್ಲಾಸಿನ ಮೇಲೆ ಗೆರೆಯಿರುವುದು ಕಾನೂನಿನ ವಿಧಿ, ಮ್ಯೂನಿಕ್ಕಿನ ಅಕ್ಟೋಬರ್ ಉತ್ಸವದ ಒಂದು ಲೀಟರಿನ ಮಗ್ಗಿಗೂ ಅದು ತಪ್ಪಿದ್ದಲ್ಲ. ಹಾಗಿದ್ದರೂ ಸುರಿಯುವವನ ಕೈ ಬಿಗಿಯಾದರೆ ಗೆರೆಯೊಂದರಿಂದಲೇ ಗ್ಲಾಸು ತುಂಬುವುದಿಲ್ಲ. ಕಡಿಮೆ ಸುರಿಯುವುದರ ವಿರುದ್ಧವಾಗಿಯೇ ಆ ಮ್ಯೂನಿಕ್ಕಿನಲ್ಲಿ ನಾಗರಿಕರ ಸಂಘವೊಂದು ಇದೆಯೆಂದರೆ ಸಮಸ್ಯೆಯ ಆಳ ತಿಳಿಯುತ್ತದೆ. ಆದರೂ ಗೆರೆಯಿದ್ದರೆ ಗ್ರಾಹಕನು ಬೆರಳಿಟ್ಟು ತೋರಿಸಬಲ್ಲನು; ಗೆರೆಯಿಲ್ಲದಿದ್ದರೆ ವಾದಿಸಬೇಕಾಗುತ್ತದೆ.

ನೊರೆಯ ವಿಚಾರ

ಇನ್ನು ಈ ವಿಷಯದ ಜೀವಾಳವಾದ ನೊರೆಯ ಪ್ರಶ್ನೆಗೆ ಬರೋಣ. ನೊರೆಯೆಲ್ಲ ವಂಚನೆಯಲ್ಲ. ಬಿಯರಿನಲ್ಲಿ ಕರಗಿರುವ ಅನಿಲ ಸುರಿಯುವಾಗ ಗುಳ್ಳೆಗಳಾಗಿ ಮೇಲೇಳುತ್ತದೆ. ಮೊಳಕೆಗಟ್ಟಿದ ಬಾರ್ಲಿಯಿಂದ ಬಂದ ಪ್ರೋಟೀನುಗಳೂ ಹಾಪ್ಸ್ ಹೂವಿನಿಂದ ಬಂದ ಕಹಿ ಸತ್ತ್ವಗಳೂ ಆ ಗುಳ್ಳೆಗಳ ಪೊರೆಯನ್ನು ಬಲಪಡಿಸುವುದರಿಂದ ಅವು ಒಡನೆಯೇ ಒಡೆದುಹೋಗದೆ ಬಿಳಿಯ ಪದರವಾಗಿ ನಿಲ್ಲುತ್ತವೆ. ಪರಿಮಳಕ್ಕೂ ನೋಟಕ್ಕೂ ಅದು ಬೇಕೆನ್ನುವವರು ಬಹು ಮಂದಿ. ಉತ್ತರ ಇಂಗ್ಲೆಂಡಿನಲ್ಲಿ ಕೈಪಂಪಿನ ತುದಿಗೆ ಸಣ್ಣ ರಂಧ್ರಗಳುಳ್ಳ ‘ಸ್ಪಾರ್ಕ್ಲರ್’ ಎಂಬ ಸಾಧನವನ್ನು ತೊಡಿಸಿ ದಟ್ಟವಾದ ಕೆನೆಯಂಥ ನೊರೆಯನ್ನು ಬರಿಸುವುದು ವಾಡಿಕೆ. ದಕ್ಷಿಣದಲ್ಲಿ ಅದೇ ಬಿಯರನ್ನು ಹೆಚ್ಚು ನೊರೆಯಿಲ್ಲದೆ ಕೊಡುತ್ತಾರೆ. ಇದಲ್ಲದೆ, ಪೀಪಾಯಿ ಮುಗಿಯುತ್ತ ಬಂದಾಗ, ನೆಲಮಾಳಿಗೆಯ ಶೈತ್ಯ ಕೆಟ್ಟಾಗ, ತೊಳೆಯುವ ಯಂತ್ರದಿಂದ ಆಗತಾನೆ ತೆಗೆದ ಬಿಸಿ ಗ್ಲಾಸಿಗೆ ಸುರಿದಾಗ, ಕೊಳವೆಗಳನ್ನು ಶುಚಿಮಾಡದೆ ಬಿಟ್ಟಾಗ ನೊರೆ ಮಿತಿಮೀರಿ ಉಕ್ಕುತ್ತದೆ. ಅಲ್ಲಿ ನಿಂತ ನೌಕರನಿಗೆ ಇದರಲ್ಲಿ ಲಾಭವೇನೂ ಇರುವುದಿಲ್ಲವೆಂಬುದನ್ನು ನೆನಪಿನಲ್ಲಿಡುವುದು ಮುಂದಿನ ಮಾತುಕತೆಗೆ ಬಹಳ ಉಪಕಾರಿ.

ಲಾಭವಾಗುವುದು ಪೀಪಾಯಿಯ ಲೆಕ್ಕದಲ್ಲಿ. ಅಲ್ಲಿನ ಸಾಮಾನ್ಯ ಕೆಗ್ಗು 11 ಗ್ಯಾಲನ್ನಿನದು, ಅಂದರೆ 88 ಪೈಂಟು. ಪ್ರತಿ ಗ್ಲಾಸಿನಲ್ಲಿಯೂ ಶೇ. 5ರಷ್ಟು ಉಳಿಸಿದರೆ ಅದೇ ಕೆಗ್ಗಿನಿಂದ 92 ಗ್ಲಾಸುಗಳನ್ನು ತುಂಬಬಹುದು. ನಾಲ್ಕು ಗ್ಲಾಸಿನ ಹಣ ಏನೂ ಕೊಡದೆ ಬಂದಂತಾಯಿತು. ಗ್ರಾಹಕನ ಕಡೆಯಿಂದ ನೋಡಿದರೆ ಇಪ್ಪತ್ತು ಪೈಂಟಿಗೆ ಹಣ ಕೊಟ್ಟವನು ಹತ್ತೊಂಬತ್ತನ್ನು ಮಾತ್ರ ಕುಡಿದಂತಾಯಿತು. ಐದು ಪೌಂಡಿನ ಪೈಂಟಿನಲ್ಲಿ ಶೇ. 5 ಎಂದರೆ 25 ಪೆನ್ಸು. ಒಬ್ಬನ ಒಂದು ಸಂಜೆಗೆ ಅಲ್ಪ, ಒಂದು ನಗರದ ಒಂದು ವರ್ಷಕ್ಕೆ ಅಪಾರ.

ಹಾಗಾದರೆ ನೊರೆಯನ್ನು ಪೈಂಟಿನೊಳಗೆ ಎಣಿಸಬಹುದೇ? 1985ರ ತೂಕ ಮತ್ತು ಅಳತೆಗಳ ಕಾಯಿದೆಯ ಪ್ರಕಾರ ಹೇಳಿದ ಪ್ರಮಾಣಕ್ಕಿಂತ ಕಡಿಮೆ ಕೊಡುವುದು ಅಪರಾಧವೇ ಸರಿ; ಆದರೆ ಪ್ರಮಾಣವನ್ನು ಎಣಿಸುವಾಗ ನೊರೆಯೊಳಗಿನ ಅನಿಲವನ್ನು ಬಿಟ್ಟು ಎಣಿಸತಕ್ಕದ್ದೆಂದು ಅದೇ ಕಾಯಿದೆಯಲ್ಲಿ ಬರೆದಿದ್ದ ವಿಧಿಯನ್ನು ಸರಕಾರಗಳು ಜಾರಿಗೆ ತರಲೇ ಇಲ್ಲ. 1990ರ ದಶಕದ ಕೊನೆಯಲ್ಲಿ ಡೆನ್ನಿಸ್ ಟರ್ನರ್ ಎಂಬ ಪಾರ್ಲಿಮೆಂಟ್ ಸದಸ್ಯರು ಪೈಂಟೆಂದರೆ ಪೂರ್ತಿ ದ್ರವದ ಪೈಂಟೇ ಆಗಬೇಕೆಂದು ಖಾಸಗಿ ಮಸೂದೆಯೊಂದನ್ನು ತಂದರೂ ಅದು ಶಾಸನವಾಗಲಿಲ್ಲ. ನ್ಯಾಯಾಲಯಗಳು ಮಿತವಾದ ನೊರೆಯನ್ನು ಪೈಂಟಿನ ಅಂಗವೆಂದು ಒಪ್ಪಿಕೊಂಡಿವೆ. ಹೀಗೆ ಉಳಿದ ಜಾಗವನ್ನು ತುಂಬಿರುವುದು ಬಿಯರ್ ಮತ್ತು ಪಬ್ ಉದ್ಯಮಿಗಳ ಸಂಘ ತಾನೇ ಮಾಡಿಕೊಂಡ ಮಾರ್ಗಸೂಚಿ: ನೊರೆ ಇಳಿದ ಮೇಲೆ ದ್ರವ ಶೇ. 95ಕ್ಕೆ ಕಡಿಮೆಯಾಗಿರಕೂಡದು, ಗ್ರಾಹಕನು ಇನ್ನಷ್ಟು ತುಂಬಿಸಿಕೊಡಿರೆಂದು ಕೇಳಿದರೆ ಸೌಜನ್ಯದಿಂದ ತುಂಬಿಸಿಕೊಡಬೇಕು. ಈ ಎರಡನೆಯ ಮಾತನ್ನು ಗಟ್ಟಿಯಾಗಿ ನೆನಪಿಡಿರಿ. ನೀವು ಕೇಳುವುದು ಅವರ ಉದ್ಯಮವೇ ಒಪ್ಪಿಕೊಂಡ ಮರ್ಯಾದೆಯನ್ನು. ಶೇ. 95ರ ಕಟ್ಟಳೆ ಮಾತ್ರ ನನಗೆ ಸಮ್ಮತವಲ್ಲ. ಪೆಟ್ರೋಲನ್ನಾಗಲಿ ಹಾಲನ್ನಾಗಲಿ ನೂರಕ್ಕೆ ತೊಂಬತ್ತೈದರಷ್ಟು ಕೊಟ್ಟರೆ ಸಾಕೆಂದು ಯಾರೂ ಒಪ್ಪುವುದಿಲ್ಲ. ಗೆರೆಯುಳ್ಳ ದೊಡ್ಡ ಗ್ಲಾಸನ್ನು ಕಡ್ಡಾಯಮಾಡಿದರೆ ನೊರೆ ಬೇಕೆನ್ನುವವರಿಗೆ ನೊರೆಯೂ ಉಳಿದು, ಎಲ್ಲರಿಗೂ ಅಳತೆ ಪೂರ್ತಿಯಾಗುತ್ತಿತ್ತು. 1971ರಲ್ಲಿ ಹುಟ್ಟಿದ ‘ಕ್ಯಾಮ್ರಾ’ ಎಂಬ ಬಿಯರ್ ಗ್ರಾಹಕರ ಸಂಸ್ಥೆ ಪೂರ್ತಿ ಪೈಂಟಿಗಾಗಿ ಹೋರಾಡುತ್ತ ಬಂದಿದ್ದು, ತನ್ನ ಉತ್ಸವಗಳಲ್ಲಿ ಇಂಥ ಗೆರೆಯ ಗ್ಲಾಸುಗಳನ್ನೇ ಬಳಸಿ ಅದು ಸಾಧ್ಯವೆಂಬುದನ್ನು ತೋರಿಸಿಕೊಟ್ಟಿದೆ.

ಕಣ್ಣಳತೆಯ ಲೆಕ್ಕ

ಮೂರನೆಯ ಹೆಜ್ಜೆ ಅಳೆಯುವುದು. ಗ್ಲಾಸು ಬಂದೊಡನೆ ತುಟಿಗಿಡದೆ ಒಂದೆರಡು ನಿಮಿಷ ಮೇಜಿನ ಮೇಲೆ ಸಮತಟ್ಟಾಗಿ ಇಟ್ಟು, ದ್ರವಕ್ಕೂ ನೊರೆಗೂ ನಡುವಣ ಎಲ್ಲೆ ಸ್ಪಷ್ಟವಾಗುವವರೆಗೆ ಕಾಯಿರಿ. ನೊರೆಯಲ್ಲಿಯೂ ಕೊಂಚ ಬಿಯರು ಅಡಗಿರುವುದರಿಂದ ಅದು ಇಳಿದ ಮೇಲೆ ಮಟ್ಟ ಸ್ವಲ್ಪ ಏರುತ್ತದೆ. ಅವಸರಪಟ್ಟು ದೂರಿದರೆ ನ್ಯಾಯ ನಿಮ್ಮ ಕಡೆ ಇರಲಾರದು. ಗಿನೆಸ್ಸಿನಂಥ ಕಪ್ಪು ಸ್ಟೌಟು ಎರಡು ಸಲ ಸುರಿದು ಕೊಡುವಂಥದಾಗಿ, ನೆಲೆಗೊಳ್ಳಲು ಇನ್ನಷ್ಟು ಹೊತ್ತು ಹಿಡಿಯುತ್ತದೆ.

ಬಳಿಕ ಅಂಚಿನಿಂದ ದ್ರವದ ಮಟ್ಟಕ್ಕೆ ಎಷ್ಟು ದೂರವೆಂಬುದನ್ನು ನೋಡಿರಿ. ಇಲ್ಲಿ ಬಹುಮಂದಿ ಎಡವುವ ಕಾರಣ, ಗ್ಲಾಸು ಮೇಲೆ ಹೋದಂತೆ ಅಗಲವಾಗುತ್ತದೆಂಬುದನ್ನು ಮರೆಯುವುದು. ಬುಡದಲ್ಲಿ ಕಿರಿದಾಗಿ ಬಾಯಿಯಲ್ಲಿ ಅಗಲವಾದ ಸಾಧಾರಣ ಪೈಂಟ್ ಗ್ಲಾಸಿನ ಬಾಯಿಯ ಒಳವ್ಯಾಸ ಎಂಟೂವರೆ ಸೆಂಟಿಮೀಟರಿನಷ್ಟಿದ್ದರೆ, ಅಲ್ಲಿ ಮೇಲ್ಮೈಯ ವಿಸ್ತಾರ ಸುಮಾರು 57 ಚದರ ಸೆಂಟಿಮೀಟರು. ಅರ್ಧ ಸೆಂಟಿಮೀಟರು ಕಡಿಮೆಯಾದರೆ ಹೋಗುವುದು 28 ಮಿಲಿಲೀಟರು, ಪೈಂಟಿನ ಶೇ. 5 ಎಂಬುದೂ ಸರಿಯಾಗಿ ಅಷ್ಟೇ. ಆದ್ದರಿಂದ ಇಂಥ ಗ್ಲಾಸಿನಲ್ಲಿ ಅರ್ಧ ಸೆಂಟಿಮೀಟರು, ಅಂದರೆ ಕಿರುಬೆರಳಿನ ಅರ್ಧ ಅಗಲದಷ್ಟು, ಉದ್ಯಮದವರ ಮಾರ್ಗಸೂಚಿಯ ಎಲ್ಲೆ. ಒಂದು ಸೆಂಟಿಮೀಟರಾದರೆ ಹತ್ತನೆಯ ಒಂದು ಪಾಲು ನಿಮಗೆ ಬರಲಿಲ್ಲವೆಂದೇ ತಿಳಿಯತಕ್ಕದ್ದು. ಬಾಯಿ ಕಿರಿದಾದ, ನಡು ಉಬ್ಬಿದ ಗ್ಲಾಸಿನಲ್ಲಿ ಒಳವ್ಯಾಸ ಆರೂವರೆ ಸೆಂಟಿಮೀಟರಾದರೆ ಅದೇ ಒಂದು ಸೆಂಟಿಮೀಟರಿಗೆ 33 ಮಿಲಿಲೀಟರು ಮಾತ್ರ ಹೋಗುತ್ತದೆ. ಅಲ್ಲಿ ಎತ್ತರವಾದ ನೊರೆಯನ್ನು ಕಂಡು ಗಾಬರಿಯಾಗಬೇಕಾದುದಿಲ್ಲ. ಅರ್ಧ ಪೈಂಟಿನ ಸಣ್ಣ ಗ್ಲಾಸಿನಲ್ಲಿ ನಾಲ್ಕು ಮಿಲಿಮೀಟರಿನ ಕೊರತೆಯೇ ಶೇ. 5ಕ್ಕೆ ಸಮ. ಕಣ್ಣಿಗೆ ಬೀಳುವ ನೊರೆಯ ಎತ್ತರಕ್ಕಿಂತ ಬಾಯಿಯ ಅಗಲವೇ ಇಲ್ಲಿ ನಿರ್ಣಾಯಕ.

ಗ್ಲಾಸಿನ ಮೇಲೆಯೇ ಸಂದೇಹವಿದ್ದರೆ ಇನ್ನೊಂದು ಸುಲಭೋಪಾಯವುಂಟು. ಮೊಹರು ಒಡೆಯದ ಅರ್ಧ ಲೀಟರಿನ ನೀರಿನ ಬಾಟಲಿಯೊಂದನ್ನು ತೆಗೆದುಕೊಂಡು, ಬಿಯರು ಮುಗಿದ ಮೇಲೆ ಖಾಲಿ ಗ್ಲಾಸಿಗೆ ಸುರಿಯಿರಿ. ಪೈಂಟಿನ ಗ್ಲಾಸಾದರೆ ನೀರೆಲ್ಲ ಹಿಡಿಸಿ ಅಂಚಿನ ಕೆಳಗೆ ಒಂದು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚಾಗಿ ಜಾಗ ಉಳಿಯಬೇಕು. ನೀರು ಅಂಚನ್ನು ಮುಟ್ಟಿದರೆ ಅದು ಪೈಂಟಿನದಲ್ಲ. ಇದು ನ್ಯಾಯಾಲಯಕ್ಕೆ ಒಪ್ಪಿಸತಕ್ಕ ಪ್ರಮಾಣವಲ್ಲ, ನಿಮ್ಮ ಮನಸ್ಸಿನ ಸಮಾಧಾನಕ್ಕೆ ಸಾಕಾಗುವ ಪರೀಕ್ಷೆ.

ತುಂಬಿಸಿಕೊಡಿರೆಂದು ಕೇಳುವ ಬಗೆ

ಕಡಿಮೆಯೆಂದು ಖಚಿತವಾದ ಮೇಲೆ ನಾಲ್ಕನೆಯ ಹೆಜ್ಜೆ, ಮತ್ತು ನಮ್ಮವರಿಗೆ ಅತ್ಯಂತ ಕಷ್ಟವಾದ ಹೆಜ್ಜೆ, ಕೇಳುವುದು. ಒಂದು ಗುಟುಕನ್ನೂ ಕುಡಿಯದ ಮುಂಚೆಯೇ ಕೇಳಬೇಕು; ತುಟಿ ಮುಟ್ಟಿಸಿದ ಗ್ಲಾಸನ್ನು ಹಿಂದಕ್ಕೆ ಒಯ್ದರೆ ಎಷ್ಟು ಕುಡಿದಿರೆಂಬುದನ್ನು ಯಾರೂ ಅರಿಯರು. ಗ್ಲಾಸನ್ನು ಕೌಂಟರಿನ ಮೇಲಿಟ್ಟು, ಮುಖ ಗಂಟಿಕ್ಕದೆ, ‘ಕುಡ್ ಯೂ ಟಾಪ್ ದಿಸ್ ಅಪ್, ಪ್ಲೀಸ್?’ ಎಂದರೆ ಸಾಕು. ಆ ದೇಶದಲ್ಲಿ ಇದು ದಿನಬೆಳಗಾದರೆ ಕೇಳಿಬರುವ ಮಾತು. ಅಲ್ಲಿಯೇ ಹುಟ್ಟಿ ಬೆಳೆದವರು ಯಾವ ಸಂಕೋಚವೂ ಇಲ್ಲದೆ ಹೀಗೆ ಕೇಳುತ್ತಾರೆ, ನೌಕರರೂ ಮರುಮಾತಿಲ್ಲದೆ ನಲ್ಲಿಯ ಕೆಳಗೆ ಹಿಡಿದು ತುಂಬಿಸಿಕೊಡುತ್ತಾರೆ. ‘ಮೋಸ’, ‘ವಂಚನೆ’ ಎಂಬ ಶಬ್ದಗಳನ್ನು ಈ ಹಂತದಲ್ಲಿ ಆಡುವುದು ಯೋಗ್ಯವಲ್ಲ. ಮಾಲಿಕನು ಕೊಂಡ ಗ್ಲಾಸಿಗೂ ಕೊಳವೆಗಳ ದುಃಸ್ಥಿತಿಗೂ ಗಂಟೆಯ ಕೂಲಿಗೆ ದುಡಿಯುವ ಹುಡುಗಿಯನ್ನೋ ಹುಡುಗನನ್ನೋ ಹೊಣೆಮಾಡುವುದು ಅನ್ಯಾಯ. ಆ ಕೂಲಿಗೆ ನಿಂತಿರುವವರು ನಮ್ಮೂರಿನ ವಿದ್ಯಾರ್ಥಿಗಳೇ ಆಗಿರುವುದೂ ಉಂಟು.

ನೌಕರರು ಒಪ್ಪದಿದ್ದರೆ ಮ್ಯಾನೇಜರನ್ನು ಕರೆಯಿರೆಂದು ಕೇಳಿ, ನೀವು ಕೇಳಿದ ಪ್ರಮಾಣ, ಕೊಟ್ಟ ಹಣ, ದ್ರವ ನಿಂತಿರುವ ಮಟ್ಟ ಈ ಮೂರನ್ನು ಮಾತ್ರ ಹೇಳಿರಿ. ಅಂಚಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದು ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವುದು ಒಳ್ಳೆಯದು; ಮೇಲಿನಿಂದಲೋ ಕೆಳಗಿನಿಂದಲೋ ತೆಗೆದರೆ ಮಟ್ಟ ಇದ್ದುದಕ್ಕಿಂತ ಬೇರೆಯಾಗಿ ಕಾಣುತ್ತದೆ. ಆಗಲೂ ನ್ಯಾಯ ದೊರೆಯದಿದ್ದರೆ ಗ್ಲಾಸನ್ನು ಅಲ್ಲಿಯೇ ಬಿಟ್ಟು ಹಣ ಹಿಂದಕ್ಕೆ ಕೇಳಬಹುದು. ಸಾಕ್ಷ್ಯಕ್ಕೆಂದು ಗ್ಲಾಸನ್ನು ಚೀಲದಲ್ಲಿಟ್ಟುಕೊಂಡು ಬರಬಾರದು. ಅದು ಅವರ ಸ್ವತ್ತು, ತಪ್ಪು ನಿಮ್ಮದಾಗುತ್ತದೆ.

ಮನೆಗೆ ಬಂದ ಮೇಲೆ ದಿನಾಂಕ, ಹೊತ್ತು, ಪಬ್ಬಿನ ಹೆಸರು, ವಿಳಾಸ, ಬಿಯರಿನ ಹೆಸರು, ಗ್ಲಾಸಿನ ಜಾತಿ, ಆಡಿದ ಮಾತು ಇವುಗಳನ್ನು ಬರೆದಿಟ್ಟು, ರಸೀತಿಯನ್ನು ಜೋಪಾನಮಾಡಿಕೊಂಡು, ದೂರು ಕೊಡಬಹುದು. ಅಳತೆಯ ಕಾನೂನನ್ನು ಜಾರಿಮಾಡುವವರು ಸ್ಥಳೀಯ ಕೌನ್ಸಿಲ್ಲಿನ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್ ಅಧಿಕಾರಿಗಳು. ಸಾಮಾನ್ಯ ಗ್ರಾಹಕರ ದೂರು ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ 0808 223 1133 ಎಂಬ ಉಚಿತ ದೂರವಾಣಿಯ ಮೂಲಕ ಅವರಿಗೆ ಮುಟ್ಟುತ್ತದೆ. ಒಂದು ದೂರಿನಿಂದ ಒಡನೆಯೇ ದಂಡ ಬೀಳುತ್ತದೆಂದು ನಿರೀಕ್ಷಿಸಬಾರದು. ನಿಮ್ಮ ಕೈಗೆ ಪರಿಹಾರವೂ ಬರಲಿಕ್ಕಿಲ್ಲ. ಆದರೆ ಒಂದೇ ಪಬ್ಬಿನ ಮೇಲೆ ಹಲವು ದೂರುಗಳು ಸೇರಿದಾಗ ಅಧಿಕಾರಿಗಳು ಸಾಮಾನ್ಯ ಗ್ರಾಹಕರಂತೆ ಹೋಗಿ, ಬಿಯರನ್ನು ಕೊಂಡು, ಪ್ರಮಾಣೀಕೃತ ಪಾತ್ರೆಯಲ್ಲಿ ಅಳೆದು ನೋಡುತ್ತಾರೆ. 2024ರಲ್ಲಿ ಅವರು ದೇಶದ ನಾನಾ ಭಾಗಗಳಲ್ಲಿ ಹೀಗೆ ಬಿಯರು ಮತ್ತು ವೈನು ಸೇರಿ 137 ಗ್ಲಾಸುಗಳನ್ನು ಕೊಂಡು ಪರೀಕ್ಷಿಸಿದಾಗ 96ರಲ್ಲಿ ಅಳತೆ ಕಡಿಮೆಯಿತ್ತು. ಅವುಗಳಲ್ಲಿ ಅನೇಕ ಗ್ಲಾಸುಗಳ ಕೊರತೆ ಅಲ್ಪವಾದದ್ದೇ ಇರಬಹುದು. ಹತ್ತರಲ್ಲಿ ಏಳು ಸಲ ಗ್ರಾಹಕನಿಗೇ ನಷ್ಟವಾಗುವಂತೆ ತಪ್ಪುವ ಕೈಯನ್ನು ಮಾತ್ರ ಆಕಸ್ಮಿಕವೆಂದು ನಾನು ಒಪ್ಪಲಾರೆ.

ಬೆಂಗಳೂರಿನಲ್ಲಿ

ನಮ್ಮಲ್ಲಿಯೇ ಇರುವ ಓದುಗರಿಗೂ ಇದರಲ್ಲಿ ಪ್ರಯೋಜನವುಂಟು. ಬೆಂಗಳೂರಿನಲ್ಲಿ 2010ರ ದಶಕದ ಆರಂಭದಿಂದ ಇಂದಿರಾನಗರ, ಕೋರಮಂಗಲ ಮುಂತಾದ ಕಡೆಗಳಲ್ಲಿ ತಮ್ಮ ಬಿಯರನ್ನು ತಾವೇ ತಯಾರಿಸಿ ನಲ್ಲಿಯಿಂದ ಸುರಿದುಕೊಡುವ ಮೈಕ್ರೋಬ್ರೂವರಿಗಳು ಹೆಚ್ಚಿದುವು. ಅವುಗಳೊಡನೆ ಗ್ಲಾಸಿನ ಅಳತೆಯ ಪ್ರಶ್ನೆಯೂ ಹೆಚ್ಚಿತು. ಬಾಟಲಿಯಲ್ಲಿ 650 ಎಂದೋ 330 ಎಂದೋ ಅಚ್ಚಾಗಿರುತ್ತದೆ. ಮಗ್ಗಿನಲ್ಲಿ ಎಷ್ಟೋ ಕಡೆ ಗೆರೆಯೇ ಇರುವುದಿಲ್ಲ. ಆದಕಾರಣ ಇಲ್ಲಿ ಪೈಂಟು, ಮಗ್, ಪಿಚರ್, ಟವರ್ ಎಂಬ ಹೆಸರುಗಳನ್ನು ನಂಬದೆ, ಮೆನುವಿನಲ್ಲಿ ಎಷ್ಟು ಮಿಲಿಲೀಟರೆಂದು ಬರೆದಿದೆಯೆಂಬುದನ್ನು ನೋಡಿ, ಬರೆದಿರದಿದ್ದರೆ ಕೇಳಿ ತಿಳಿದುಕೊಂಡೇ ಆರ್ಡರ್ ಕೊಡಬೇಕು. ನಮ್ಮಲ್ಲಿ ಪೈಂಟೆಂದರೆ 330 ಮಿಲಿಲೀಟರಿನ ಬಾಟಲಿಯೆಂಬ ರೂಢಿಯಿರುವುದರಿಂದ, ಬ್ರಿಟನ್ನಿನಿಂದ ಹಿಂತಿರುಗಿದವರಿಗೆ ಈ ಎಚ್ಚರ ಇನ್ನೂ ಅಗತ್ಯ. 500 ಮಿಲಿಲೀಟರಿನ ಮಗ್ಗೆಂದು ಹೇಳಿದರೆ ನೀರಿನ ಬಾಟಲಿಯ ಪರೀಕ್ಷೆ ಇಲ್ಲಿ ಇನ್ನಷ್ಟು ಸಲೀಸು: ಅರ್ಧ ಲೀಟರಿನ ನೀರು ಹಿಡಿಸಿ, ಮೇಲೆ ನೊರೆಗೂ ಜಾಗ ಉಳಿದರೆ ಮಗ್ಗು ಸರಿ, ನೀರು ತುಳುಕಿದರೆ ಆ ಮಗ್ಗಿನಲ್ಲಿ 500 ಮಿಲಿಲೀಟರು ಬಿಯರು ಎಂದೂ ಇದ್ದಿರಲಾರದು.

ಕೇಳುವ ಮಾತು ಇಲ್ಲಿ ಇನ್ನೂ ಹಗುರ. ‘ಅಣ್ಣಾ, ನೊರೆ ಇಳಿದ ಮೇಲೆ ಇನ್ನೊಂಚೂರು ತುಂಬಿಸಿಕೊಡಿ’ ಎಂದರೆ ಬೇಡವೆನ್ನುವವರು ವಿರಳ. ವಿಸ್ಕಿ, ರಮ್ಮುಗಳಿಗೆ 30 ಮತ್ತು 60 ಮಿಲಿಲೀಟರಿನ ಅಳತೆ ಉಂಟಷ್ಟೆ; ಅದನ್ನು ನಿಮ್ಮ ಕಣ್ಣೆದುರಿಗೇ ಅಳೆದು ಸುರಿಯಿರೆಂದು ಕೇಳಬಹುದು, ಅಳತೆಪಾತ್ರೆಯ ಮೇಲೆ ಇಲಾಖೆಯ ಮುದ್ರೆಯಿದೆಯೇ ಎಂದು ನೋಡಬಹುದು. ವ್ಯಾಪಾರದಲ್ಲಿ ಬಳಸುವ ಅಳತೆಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ ಮುದ್ರೆಯೊತ್ತಿಸಬೇಕೆಂದೂ, ಹಣ ಪಡೆದ ಪ್ರಮಾಣಕ್ಕಿಂತ ಕಡಿಮೆ ಕೊಡಕೂಡದೆಂದೂ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ ವಿಧಿಸುತ್ತದೆ. ಅದನ್ನು ಜಾರಿಮಾಡುವ ಹೊಣೆ ಕರ್ನಾಟಕದಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯದು. ದೂರನ್ನು ಆ ಇಲಾಖೆಯ ಕಚೇರಿಗೆ ಬರೆದುಕೊಡಬಹುದು, ಇಲ್ಲವೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ಹೇಳಬಹುದು. ಬಿಲ್ಲಿನಲ್ಲಿ ಬರಿಯ ಬಿಯರಿನ ಹೆಸರಿದ್ದು ಪ್ರಮಾಣ ನಮೂದಾಗದಿದ್ದರೆ, ಮೆನುವಿನ ಆ ಪುಟದ ಚಿತ್ರವನ್ನು ಎದ್ದು ಬರುವ ಮುಂಚೆಯೇ ಫೋನಿನಲ್ಲಿ ತೆಗೆದಿಟ್ಟುಕೊಂಡು ದೂರಿನೊಡನೆ ಲಗತ್ತಿಸತಕ್ಕದ್ದು.